ಗಂಗಿಯ ನರೂಲಿ, ನಾನುಟ್ಟ ಸೀರೆ

ಆಕಳು ಹಿಂಡುವುದೇನು ಬ್ರಹ್ಮವಿದ್ಯೆಯಲ್ಲ ಎಂದು ನಾನು ಬಹಳ ವರ್ಷಗಳಿಂದ ನಂಬಿದ್ದೆ. ಹೆಂಡತಿ ಮಹಾದೇವಿ ದಿನಾ ಹಿಂಡುವುದನ್ನು ಕಟ್ಟೆಯ ಮೇಲೆ ಕುಳಿತು, ಚಹಾ ಕುಡಿಯುತ್ತ ನೋಡಿದ ಅಪಾರ ಅನುಭವ ನನಗಿತ್ತು! ಆದ್ದರಿಂದ ಸುರಪುರದಲ್ಲಿ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಾಗ, ಆರೈಕೆಗೆ ಹೊರಟ ಮಹಾದೇವಿಗೆ ಧೈರ್ಯ ತುಂಬಿದವನು ನಾನೇ.

“ಗಂಗಿ ನಿಮ್ಮ ಕೈಗೆ ಬಗ್ತಾಳೇನ್ರಿ?” ಎಂದು ಆಕಳತ್ತ ನೋಡಿ ಕೇಳಿದಳು.

“ನಿನ್ನಂಥಾಕಿನ್ನ ಸಂಭಾಳಿಸೀನಿ. ಆಕಿ ಯಾವ ಲೆಕ್ಕ? ನೀ ಹೋಗು.”

ಹೋದಳು. ಬಸ್ಸು ತಿರುವು ದಾಟುವ ಮೊದಲೇ ನನಗೆ ಶಹಾಪುರವೆಲ್ಲ ಬಿಕೋ ಎನ್ನತೊಡಗಿತು. ಸುರಪುರವೇನು ಕಾಶಿಯಲ್ಲ, ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆ ತೆಗೆಯುವಷ್ಟರಲ್ಲಿ ಬರುವ ಊರು. ಆದರೆ ಕಿರಾಣಿ ಅಂಗಡಿ, ಅದರ ಮೇಲೆ ಗಂಗಿ. ಎರಡನ್ನೂ ಬಿಟ್ಟು ನಾನು ಹೋಗುವಂತಿಲ್ಲ. ಅವಳನ್ನೇ ಬಾ ಎನ್ನೋಣವೆಂದರೆ, ಕಾಲು ಮುರಿದವರ ಎದುರು ‘ನಿನ್ನ ನೆನಪಾಗುತ್ತದೆ’ ಎನ್ನುವುದು ಒಂದು ಕಾರಣವೇ?

ಗಂಗಿ ಮಹಾದೇವಿಯ ತವರಿನಿಂದ ಬಂದ ಆಕಳು. ಮೊದಲ ದಿನವೇ ನನ್ನನ್ನೂ ಹಾಲಿನ ಚರಿಗೆಯನ್ನೂ ಬೇರೆ ಬೇರೆ ದಿಕ್ಕಿಗೆ ಒದ್ದಳು. ಪಕ್ಕದ ಮನೆಯ ನಾಗಮ್ಮಕ್ಕ ಗೋಡೆಯ ಮೇಲಿಂದ ಇಣುಕಿದಳು.

“ತಮ್ಮಾ, ಆಕಿಗಿ ಹೆಣಮಕ್ಕಳ ಕೈ ರೂಢಿ ಅದ. ಮಹಾದೇವಿ ಸೀರಿ ಉಟ್ಕೊಂಡು ಕೂಡು. ವಾಸನಿ ಹಿಡದು ಹಾಲು ಬಿಡ್ತಾಳ.”

ಬಾಗಿಲು ಹಾಕಿಕೊಂಡು ಅವಳ ಹಳೆಯ ಇಳಕಲ್ ಸೀರೆ ಸುತ್ತಿಕೊಂಡೆ. ಸೆರಗು ತಲೆಯ ಮೇಲೆ ಬಂದಿತೋ ಇಲ್ಲವೋ, ಒಗ್ಗರಣೆ, ಸಾಬೂನು, ವಿಭೂತಿ ಎಲ್ಲ ಕೂಡಿದ ಅವಳ ವಾಸನೆ ಮೂಗಿಗೆ ಬಡಿಯಿತು. ಹಾಲು ಹಿಂಡುವುದು ಮರೆತು ಸುಮ್ಮನೆ ನಿಂತುಬಿಟ್ಟೆ. ಕೊಟ್ಟಿಗೆಗೆ ಹೋದರೆ ಗಂಗಿಯೂ ಸೆರಗು ಮೂಸಿ ‘ಅಂಬಾ’ ಎಂದಳು. ಇಬ್ಬರದೂ ಒಂದೇ ರೋಗ!

ಮೊಲೆಗೆ ಕೈ ಹಚ್ಚಿದೆ. ಮತ್ತೆ ಒದ್ದಳು. ಬಗ್ಗಿ ನೋಡಿದರೆ ಒಂದು ಮೊಲೆಯ ತುಂಬ ನರೂಲಿ! ಒಂದು ಅಕ್ಕಿಕಾಳಿನಂತೆ ಚಪ್ಪಟೆ, ಇನ್ನೊಂದು ಹೂಕೋಸಿನಂತೆ, ಮತ್ತೊಂದು ದಾರದ ಎಳೆಯಂತೆ ಜೋತಾಡುತ್ತಿತ್ತು. ಇಷ್ಟು ತರಹದ ಮಾಲು ನನ್ನ ಅಂಗಡಿಯಲ್ಲೂ ಇಲ್ಲ.

“ನರೂಲಿಗಿ ಹಣಮಪ್ಪಗ ಕಸಬರಿಗಿ ಹರಕಿ ಹೊರು, ಉದುರಿ ಹೋಗ್ತಾವ,” ಎಂದಳು ನಾಗಮ್ಮಕ್ಕ.

ಹರಕೆ ಹೊತ್ತೆ. ಆದರೆ ವ್ಯಾಪಾರಿಯ ಬುದ್ಧಿ ಎಲ್ಲಿಗೆ ಹೋದೀತು? ಅಂಗಡಿಯ ಮೂಲೆಯಲ್ಲಿ ಇಲಿ ಕಡಿದು ಮಾರಾಟವಾಗದೆ ಉಳಿದಿದ್ದ ಕಸಬರಿಗೆಯನ್ನು ಭಕ್ತಿಯಿಂದ ಅರ್ಪಿಸಿದೆ. ಹಣಮಪ್ಪ ಎಲ್ಲ ಬಲ್ಲ. ಕೆಲವು ದಿನಗಳಲ್ಲಿ ನಾಲ್ಕೂ ಮೊಲೆಗಳಿಗೆ ನರೂಲಿ ಹಬ್ಬಿತು! ಸಾಲದ್ದಕ್ಕೆ ನನ್ನ ಹೆಬ್ಬೆರಳ ಮೇಲೂ ಒಂದು ಎದ್ದಿತು.

ಕೊನೆಗೆ ದನದ ಡಾಕ್ಟರಿಗೆ ಹೇಳಿ ಕಳಿಸಿದೆ. ಅವರು ಕೊಟ್ಟಿಗೆಗೆ ಬಂದಾಗ ನಾನು ಬಾಗಿಲಿಗೆ ಬೆನ್ನು ಮಾಡಿ, ಸೆರಗು ಹೊದ್ದು ಹಿಂಡುತ್ತ ಕುಳಿತಿದ್ದೆ.

“ಅಕ್ಕಾರ, ಯಜಮಾನ್ರು ಎಲ್ಲಿ ಹೋಗ್ಯಾರ್ರಿ?”

ಯಜಮಾನರು ಮೀಸೆಸಮೇತ ತಿರುಗಿದರು! ಪಾಪ, ಡಾಕ್ಟರ ಕೈಯಿಂದ ಚೀಲ ಜಾರಿತು.

ಸುಧಾರಿಸಿಕೊಂಡು ಗಂಗಿಯನ್ನು ಪರೀಕ್ಷಿಸಿದರು. “ಇದು ವೈರಸ್ಸಿಂದ ಬರೋದ್ರಿ. ಇದರಾಗ ಒಂದಲ್ಲ, ಭಾಳ ಜಾತಿ ಅದಾವ. ಒಂದೇ ಆಕಳ ಮೊಲಿಗೆ ಎರಡು ಮೂರು ಜಾತಿ ಕೂಡೇ ಇರಬಹುದು. ಕಣ್ಣಿಲೆ ನೋಡಿ ಇದು ಇಂಥಾದ್ದೇ ಅನ್ನಾಕ ಆಗಂಗಿಲ್ಲ, ಲ್ಯಾಬಿನಾಗ ಅದರ ವಂಶ ತಪಾಸ ಮಾಡಬೇಕು,” ಎಂದು ಒಂದು ತುಣುಕು ಸೀಸೆಗೆ ಹಾಕಿಕೊಂಡರು. “ನೀವು ಹಿಂಡೂವಾಗ ಕೈ ತೊಳಕೋತೀರೋ ಇಲ್ಲೋ?”

“ಹಿಂಡಿದ ಮ್ಯಾಲ ತೊಳಕೋತೀನ್ರಿ.”

“ಅಂದ್ರ ನೀವೇ ಹಬ್ಬಿಸೀರಿ. ಛಲೋ ಇದ್ದ ಮೊಲಿ ಮೊದಲ, ನರೂಲಿ ಇದ್ದದ್ದು ಕಡೀಕ ಹಿಂಡಬೇಕ್ರಿ. ಬ್ಯಾರೆ ದನದ ಹತ್ರ ಕಟ್ಟಬ್ಯಾಡ್ರಿ. ಹೆಚ್ಚಾಗಿ ತಾವೇ ಉದುರ್ತಾವ, ಆದ್ರ ತಿಂಗಳಗಟ್ಟಲೆ ಹಿಡೀತದ.”

ನಾನು ಹೆಬ್ಬೆರಳು ಚಾಚಿದೆ. ಡಾಕ್ಟರು ನಕ್ಕರು. “ಆಕಳದ್ದು ನಿಮಗ ಬರಂಗಿಲ್ರಿ. ಮನಷ್ಯಾರ ಜಾತಿನೇ ಬ್ಯಾರೆ. ಇದು ನಿಮ್ಮದೇ ಸ್ವಂತದ್ದು.”

ಸ್ವಂತದ್ದು ಎಂದಾದರೆ ಯಾರಿಗೆ ದೂರುವುದು? ಆದರೆ ಡಾಕ್ಟರು ಅತ್ತ ಹೋಗುತ್ತಲೇ ನನ್ನ ತಲೆಯಲ್ಲಿ ದೀಪ ಹತ್ತಿತು. ಮಹಾದೇವಿಯನ್ನು ಕರೆಯಲು ಕಾರಣ ಸಿಕ್ಕಿತ್ತು! ಫೋನು ಹಚ್ಚಿದೆ.

“ಗಂಗಿಗಿ ಆರಾಮಿಲ್ಲ. ಹೊಟ್ಟಿತುಂಬ ತಿನ್ನವಲ್ಲಳು. ಬಾಗಲಾಗ ಸಪ್ಪಳಾದ್ರ ಸಾಕು, ನೀ ಬಂದಿ ಅಂತ ಕುತ್ತಿಗಿ ಎತ್ತಿ ನೋಡ್ತಾಳ. ರಾತ್ರಿ ನಿದ್ದಿನೇ ಇಲ್ಲ. ಸೊರಗಿ ಕಡ್ಡಿ ಆಗ್ಯಾಳ.”

ಹೇಳುತ್ತ ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡೆ. ಗಂಗಿಯಾದರೋ ಹಿಂದೆ ನಿಂತು ನೆಮ್ಮದಿಯಾಗಿ ಜೋಳದ ಕಣಿಕೆ ಮೇಯುತ್ತಿದ್ದಳು!

“ಅಯ್ಯ ಶಿವನ! ಮುಂಜಾನೆ ಬರ್ತೀನ್ರಿ,” ಎಂದಳು ಮಹಾದೇವಿ.

ಬೆಳಿಗ್ಗೆ ಗಡ್ಡ ಹೆರೆಸಿಕೊಂಡು, ಅಂಗಿ ಇಸ್ತ್ರಿ ಮಾಡಿಸಿ, ಅವಳಿಗೆ ಪ್ರೀತಿಯೆಂದು ಮಲ್ಲಿಗೆ ದಂಡೆ ತಂದು ಬಾಗಿಲಲ್ಲಿ ನಿಂತೆ. ಮಹಾದೇವಿ ಬಂದಳು. ನನ್ನನ್ನು ದಾಟಿ ನೇರ ಕೊಟ್ಟಿಗೆಗೆ ಹೋದಳು! ಗಂಗಿಯ ಕೊರಳು ಅಪ್ಪಿ ಗಳಗಳ ಅತ್ತಳು. ಗಂಗಿ ಅವಳ ಕೈ ನೆಕ್ಕಿದಳು. ನಾನು ದಂಡೆ ಹಿಡಿದು ನಿಂತೇ ಇದ್ದೆ.

“ನಾನೂ ಸ್ವಲ್ಪ ಸೊರಗೀನಿ,” ಎಂದೆ ಮೆಲ್ಲಗೆ.

“ಛಲೋ ಆತು ಬಿಡ್ರಿ, ಹೊಟ್ಟಿ ಬಂದಿತ್ತು.” ಹಗ್ಗ ಬಿಚ್ಚುತ್ತ ಹೇಳಿದಳು. “ಹೊರಗ ಟೆಂಪೋ ನಿಂತದ. ಇಕಿನ್ನ ಸುರಪುರಕ್ಕ ಒಯ್ತೀನಿ. ಅಲ್ಲಿ ಕೊಟ್ಟಿಗಿ ಖಾಲಿ ಅದ, ಬ್ಯಾರೆ ದನ ಇಲ್ಲ. ನೀವು ಹೆಂಗರ ಇರ್ತೀರಿ. ಇದು ಮೂಕ ಪ್ರಾಣಿ, ಮನಸಿನಾಗಿಂದು ಹೇಳಾಕ ಬರಂಗಿಲ್ಲ, ಪಾಪ.”

ನನಗೂ ಬರಲಿಲ್ಲ. ದಂಡೆಯನ್ನು ಗಂಗಿಯ ಕೊಂಬಿಗೆ ಸುತ್ತಿ, ಟೆಂಪೋ ಹತ್ತಿಸಲು ಹಿಂದಿನಿಂದ ನೂಕಿದವನೂ ನಾನೇ! ತವರಿಗೆ ಹೋಗುವ ಖುಷಿಗೆ ಗಂಗಿ ಒದೆಯಲೂ ಇಲ್ಲ.

ಸಂಜೆ ಹಾಲಿಲ್ಲದ ಕರಿ ಚಹಾ ಹಿಡಿದು ಖಾಲಿ ಕೊಟ್ಟಿಗೆಯಲ್ಲಿ ಕುಳಿತೆ. ಗೋಡೆಯ ಮೇಲೆ ನಾಗಮ್ಮಕ್ಕನ ತಲೆ ಕಂಡಿತು.

“ತಮ್ಮಾ, ಆಕಳ ಹೋತಲ್ಲ, ಇನ್ನ ಸೀರಿ ಯಾಕ ಹೊತ್ಕೊಂಡಿ?”

“ಥಂಡಿ ಅದ ಅಕ್ಕಾ,” ಎಂದು ಸೆರಗನ್ನು ಇನ್ನಷ್ಟು ಎಳೆದುಕೊಂಡೆ.

ಶಹಾಪುರದ ಮೇ ತಿಂಗಳು!