ತುರಿಸುವ ತಲೆಗೆ ಪ್ಲಾಂಟರ್ ಟೋಪಿ

ಮರ್ಯಾದೆಗೆ ಧಕ್ಕೆಯಾಗದಂತೆ ಕೆರೆದುಕೊಳ್ಳಬಹುದಾದ ಜಾಗಗಳು ಮನುಷ್ಯನ ಮೈಮೇಲೆ ಬಹಳ ಕಡಿಮೆ. ಮೊಣಕೈ ಪರವಾಗಿಲ್ಲ. ಅಂಗೈ ತುರಿಸಿದರೆ ದುಡ್ಡು ಬರುತ್ತದೆಂದು ಜನ ಸಂತೋಷವನ್ನೇ ಪಡುತ್ತಾರೆ. ತಲೆಯ ವಿಷಯ ಹಾಗಲ್ಲ. ಒಂದು ಸಲ ಕೆರೆದರೆ ಏನೋ ಯೋಚಿಸುತ್ತಿದ್ದಾನೆ ಎನ್ನುತ್ತಾರೆ, ಎರಡನೆಯ ಸಲ ಕೆರೆದರೆ ಉತ್ತರ ಗೊತ್ತಿಲ್ಲ ಪಾಪ ಎನ್ನುತ್ತಾರೆ, ಮೂರನೆಯ ಸಲಕ್ಕೆ ಪಕ್ಕದಲ್ಲಿ ಕೂತವರು ಕುರ್ಚಿಯನ್ನು ಅರ್ಧ ಅಡಿ ಆಚೆ ಸರಿಸುತ್ತಾರೆ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ, ಗೌರವದಿಂದ ನಿವೃತ್ತನಾಗಿ ಬಂದ ನಾನು ಈ ಮೂರೂ ಹಂತಗಳನ್ನು ಒಂದೇ ವಾರದಲ್ಲಿ ದಾಟಿದೆ.

ಇತಿಹಾಸ ಕಲಿಸಿದವನಾದ್ದರಿಂದ ನನಗೆ ನೆನಪಿನ ಮೇಲೆ ಭರವಸೆ ಇಲ್ಲ. ನೆನಪು ಎನ್ನುವುದು ಆಪಾದಿತನೇ ಬರೆದುಕೊಂಡ ತೀರ್ಪು ಎಂದು ತರಗತಿಯಲ್ಲಿ ಹೇಳುತ್ತಿದ್ದೆ, ಹುಡುಗರು ಬರೆದುಕೊಳ್ಳುತ್ತಿದ್ದರು. ಅದಕ್ಕಾಗಿಯೇ ಪ್ರತಿದಿನ ಡೈರಿ ಬರೆಯುತ್ತೇನೆ. ಬರೆಯುತ್ತೇನೆ ಅಷ್ಟೇ, ತಿರುಗಿ ಓದುವುದಿಲ್ಲ. ಈ ಎರಡನೆಯ ಸಂಗತಿಯನ್ನು ದಯವಿಟ್ಟು ಗಮನದಲ್ಲಿಡಿ, ಮುಂದೆ ಬೇಕಾಗುತ್ತದೆ.

ನಮ್ಮದು ಮೂಡಿಗೆರೆಯಿಂದ ದೇವರಮನೆ ಬೆಟ್ಟಕ್ಕೆ ಹೋಗುವ ದಾರಿಯಲ್ಲಿರುವ ಎರಡೂವರೆ ಎಕರೆ ಕಾಫಿ ತೋಟ. ಶನಿವಾರ, ಭಾನುವಾರ ಆ ರಸ್ತೆಯಲ್ಲಿ ದನ ದಾಟಲಿಕ್ಕೂ ಆಗದಷ್ಟು ಕಾರು. ಮಂಜಿನಲ್ಲಿ ನಿಂತು, ಮಂಜು ಬಿಟ್ಟು ಬೇರೇನೂ ಕಾಣದ ಫೋಟೋ ತೆಗೆಸಿಕೊಂಡು ಬಂದವರಿಗೆ ಮಲಗಲು ಜಾಗ ಬೇಕು. ಅದನ್ನು ಮನಗಂಡು ನನ್ನ ಹೆಂಡತಿ ನಾಗವೇಣಿ ಮೂರು ಕೋಣೆಗಳ ಹೋಂಸ್ಟೇ ಶುರುಮಾಡಿದಳು. ಅದು ನಡೆಯುತ್ತಿರುವುದು ಗಿರಿಜಾಳಿಂದ. ಗಿರಿಜಾ ಪಕ್ಕದ ಎಸ್ಟೇಟಿನ ಕೂಲಿ ಲೈನಿನ ಸಾಲುಮನೆಯಲ್ಲಿರುವ, ಐವತ್ತರ ಹತ್ತಿರದ ಹೆಂಗಸು. ಅವಳ ಕೈಯ ಕಡುಬು, ನಾಟಿಕೋಳಿ ಸಾರಿಗಾಗಿಯೇ ಎರಡನೆಯ ಸಲ ಬರುವ ಅತಿಥಿಗಳಿದ್ದಾರೆ. ನನಗಾಗಿ ಎರಡನೆಯ ಸಲ ಬಂದವರು ಯಾರೂ ಇಲ್ಲ. ನನ್ನ ಕೆಲಸ ಜಗಲಿಯಲ್ಲಿ ಕೂತು ಬಂದವರಿಗೆ ನಮಸ್ಕಾರ ಹೇಳುವುದು, ಬೇಡವೆಂದರೂ ಈ ಸೀಮೆಯ ಇತಿಹಾಸ ಹೇಳುವುದು.

ತೊಂದರೆ ಶುರುವಾದದ್ದು ನನ್ನ ಉಡುಪಿನಿಂದ. ನಮ್ಮ ನೆರೆಯ ಸುಬ್ಬೇಗೌಡರಿಗೆ ನಲವತ್ತು ಎಕರೆ ಎಸ್ಟೇಟು, ಒಂದು ಜೀಪು, ಪ್ಲಾಂಟರುಗಳು ಹಾಕುವ ಅಗಲ ಅಂಚಿನ ಒಂದು ಟೋಪಿ ಇದೆ. ಅವರ ಹೋಂಸ್ಟೇಗೆ ಬಂದವರೆಲ್ಲ ಅವರ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ. "ರೀ, ನೀವೂ ಒಂದು ಟೋಪಿ ಹಾಕ್ಕೊಳ್ಳಿ. ಹಿಂಗೆ ಲುಂಗೀಲಿ ಕೂತಿದ್ರೆ ಲಗೇಜ್ ಎತ್ತಕ್ಕೆ ಕರೀತಾರೆ ಅಷ್ಟೆ" ಎಂದಳು ನಾಗವೇಣಿ. ಹಾಗೆ ಎರಡು ಸಲ ಆಗಿತ್ತು. ಒಬ್ಬರು ಟಿಪ್ಸ್ ಕೂಡ ಕೊಟ್ಟಿದ್ದರು. ಅತಿಥಿಗಳ ಮನಸ್ಸು ನೋಯಿಸಬಾರದೆಂದು ಇಟ್ಟುಕೊಂಡಿದ್ದೆ. ನನ್ನ ಹತ್ತಿರವೂ ದಪ್ಪ ಖಾಕಿ ಬಟ್ಟೆಯ, ಅಗಲ ಅಂಚಿನ ಹಳೆಯ ಟೋಪಿಯೊಂದಿತ್ತು. ನನ್ನ ನೆನಪಿನ ಪ್ರಕಾರ ಅದು ಹಜಾರದ ಮೊಳೆಯಲ್ಲೇ ವರ್ಷಗಟ್ಟಲೆ ನೇತಾಡುತ್ತಿತ್ತು. ಅದನ್ನು ಮೊಣಕಾಲಿಗೆ ಎರಡು ಸಲ ಬಡಿದು ಧೂಳು ಕೊಡವಿ ಇಟ್ಟುಕೊಂಡೆ. ಕನ್ನಡಿ ನೋಡಿದೆ. ಎರಡೂವರೆ ಎಕರೆಯವನು ಇನ್ನೂರೈವತ್ತು ಎಕರೆಯವನಂತೆ ಕಾಣುತ್ತಿದ್ದೆ.

ಮೂರನೆಯ ದಿನಕ್ಕೆ ತಲೆ ತುರಿಸತೊಡಗಿತು. ಮೊದಲು ಕಿವಿಯ ಮೇಲ್ಭಾಗದಲ್ಲಿ, ಆಮೇಲೆ ಹಿಂದೆ, ಕೊನೆಗೆ ಹಣೆಯ ಮೇಲೆ. ಸಣ್ಣ ಸಣ್ಣ ಕೆಂಪು ಗುಳ್ಳೆಗಳು ತಲೆಯ ಸುತ್ತ ಸಾಲಾಗಿ ಎದ್ದವು. ನನಗೆ ಕೂದಲು ಬಹಳ ಕಡಿಮೆ. ಇರುವುದು ಎರಡು ಕಿವಿಗಳ ನಡುವೆ ಹಿಂದಿನಿಂದ ಕಟ್ಟಿದ ತೋರಣದಷ್ಟು. ಹಾಗಾಗಿ ಗುಳ್ಳೆಗಳಿಗೆ ಮರೆ ಇರಲಿಲ್ಲ. "ಕಿರೀಟ ಇಟ್ಟ ಹಂಗೆ ಕಾಣ್ತದೆ" ಎಂದಳು ನಾಗವೇಣಿ. ಅದು ಹೊಗಳಿಕೆಯಾಗಿರಲಿಲ್ಲ.

ನಮ್ಮ ಕಡೆ ಕಾಫಿ ಬೆಳೆಯದವರು ಇರಬಹುದು, ಔಷಧಿ ಹೇಳದವರು ಇಲ್ಲ. ಸುಬ್ಬೇಗೌಡರು ಬೇಲಿಯ ಆಚೆಯಿಂದಲೇ ನೋಡಿ, "ದನದ ಉಣುಗು ಕಚ್ಚಿದ್ದು ಮೇಷ್ಟ್ರೇ, ಬೇರೆ ಎಂತದೂ ಅಲ್ಲ. ಹೊಗೆಸೊಪ್ಪಿನ ನೀರು ಹಚ್ಚಿ. ಅದಕ್ಕೂ ಬಗ್ಗದಿದ್ರೆ ಬೋರ್ಡೋ ದ್ರಾವಣ ಹೊಡೆಸುವ. ನಮ್ಮ ಗಿಡಕ್ಕೆಲ್ಲ ಅದೇ ಅಲ್ಲ ಮಾರಾಯ್ರೆ!" ಎಂದು ನಕ್ಕರು. ನಗುತ್ತಲೇ, "ಹಚ್ಚಿದ ಮೇಲೆ ತಲೆಗೆ ಗಾಳಿ ತಾಗಿಸ್ಬೇಡಿ, ಟೋಪಿ ಇಟ್ಕೊಳ್ಳಿ" ಎಂದರು. ಇಟ್ಟುಕೊಂಡೆ. ತುರಿಕೆ ಜಾಸ್ತಿಯಾಯಿತು. ನಾಗವೇಣಿ ನಿಂಬೆಹಣ್ಣಿನ ರಸ ಹಚ್ಚಿದಳು. ಕೆರೆದು ಗಾಯವಾದ ತಲೆಗೆ ನಿಂಬೆರಸ ಬಿದ್ದಾಗ ಆಗುವ ಅನುಭವವನ್ನು ಬರೆಯಲು ಹೋಗುವುದಿಲ್ಲ; ನಮ್ಮ ನಾಯಿ ಅವತ್ತು ಊಟ ಬಿಟ್ಟಿತು ಎಂದಷ್ಟೇ ಹೇಳಬಲ್ಲೆ. "ಬಿಸಿಲಿಗೆ ಹೋಗ್ಬೇಡಿ, ಹೋದ್ರೆ ಟೋಪಿ ಹಾಕ್ಕೊಂಡೇ ಹೋಗಿ" ಎಂದಳು. ಹಾಕಿಕೊಂಡೆ. ಪೇಟೆಯ ಮೆಡಿಕಲ್ ಶಾಪಿನವರು ಗುಲಾಬಿ ಬಣ್ಣದ ಲೋಷನ್ ಕೊಟ್ಟು, ಕೆರೆಯಬೇಡಿ, ಉಗುರು ಕತ್ತರಿಸಿಕೊಳ್ಳಿ, ತಣ್ಣೀರಲ್ಲಿ ತೊಳೆಯಿರಿ ಎಂದರು. ಇಷ್ಟು ಸರಳವಾದ ಸಲಹೆಯನ್ನು ಓದಿದವರು ನಂಬುವುದಿಲ್ಲ. ಆದರೂ ಲೋಷನ್ ಹಚ್ಚಿದೆ. ಬೋಳುತಲೆ ಮದುವೆಮನೆಯ ಬಲೂನಿನಂತಾಯಿತು. ಅದನ್ನು ಮುಚ್ಚಲು ಮತ್ತೆ ಅದೇ ಟೋಪಿ.

ಹೀಗಿರುವಾಗ ಹೂಮಳೆ ಬಿತ್ತು. ಕಾಫಿ ಹೂವು ನೋಡಲು ಬೆಂಗಳೂರಿನಿಂದ ಗಂಡ ಹೆಂಡತಿ ಬಂದರು. ನಾನು ಜಗಲಿಯಲ್ಲಿ ಟೋಪಿ ಧರಿಸಿ, ಈ ಬೆಟ್ಟಗಳಿಗೆ ಕಾಫಿ ಹೇಗೆ ಬಂತು ಎಂದು ಹೇಳತೊಡಗಿದೆ. ಹೇಳುತ್ತ ಕೆರೆದೆ. ಟೋಪಿ ಎತ್ತಿ ಕೆರೆದೆ. ಎರಡೂ ಕೈಯಿಂದ ಕೆರೆದೆ. ಆಕೆ ಗಂಡನ ಮುಖ ನೋಡಿದರು. ಆಮೇಲೆ ಕೋಣೆಗೆ ಹೋಗಿ, ಹಾಡುಹಗಲಲ್ಲಿ ಮೊಬೈಲಿನ ಟಾರ್ಚ್ ಹಾಕಿ, ಹಾಸಿಗೆಯ ಮೂಲೆ ಎತ್ತಿ ನೋಡುವುದು ಬಾಗಿಲಿನಿಂದ ಕಂಡಿತು. ತಿಂಡಿ ಮುಗಿಸಿ, ತುರ್ತು ಕೆಲಸ ಬಂತು ಎಂದು ಹೊರಟರು. ನಾಗವೇಣಿ ಸಿಟ್ಟು ಬಂದಾಗ ಕೂಗುವುದಿಲ್ಲ, ಪಾತ್ರೆ ಜೋಡಿಸುತ್ತಾಳೆ. ಅವತ್ತು ಎಲ್ಲ ಪಾತ್ರೆ ಎರಡು ಸಲ ಜೋಡಿಸಿದಳು. "ಶನಿವಾರ ಹನ್ನೊಂದು ಜನ ಬರ್ತಾರೆ. ಅಷ್ಟರೊಳಗೆ ನಿಮ್ಮ ತಲೆ ಸರಿ ಆಗ್ಬೇಕು, ಇಲ್ಲ ಅಂದ್ರೆ ನೀವು ಹಿತ್ಲಲ್ಲಿರಿ" ಎಂದಳು.

ನಾನು ವಿಶ್ವವಿದ್ಯಾನಿಲಯದಲ್ಲಿ ಕಲಿತವನು. ಕಾರಣ ಹುಡುಕದೆ ಬಿಡುವವನಲ್ಲ. ಕಾಗದ ತೆಗೆದುಕೊಂಡು ಬರೆದೆ: ಹಾಸಿಗೆ? ಇಲ್ಲ. ನಾಯಿ? ಇಲ್ಲ. ಹೊರಗಿನಿಂದ ದಿನವೂ ಮನೆಯೊಳಗೆ ಬರುವವರು ಯಾರು? ಗಿರಿಜಾ. ಲೈನಿನಲ್ಲಿ ಹೆಂಗಸರು ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಒಬ್ಬರಿಗೊಬ್ಬರು ಹೇನು ನೋಡುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ಸಾಕ್ಷ್ಯ ಸಿಕ್ಕಿತು. ಅವತ್ತು ನನ್ನ ತರ್ಕದ ಬಗ್ಗೆ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಆ ಹೆಮ್ಮೆಯಲ್ಲಿ ಐದು ನಿಮಿಷ ತುರಿಕೆಯೇ ಗೊತ್ತಾಗಲಿಲ್ಲ. ಸಂತೆಗೆ ಹೋಗಿ ಹಲ್ಲು ಒತ್ತೊತ್ತಾಗಿರುವ ಹೇನಿನ ಬಾಚಣಿಗೆ ತಂದೆ. ಮರುದಿನ ಬೆಳಿಗ್ಗೆ ಅಕ್ಕಿ ರುಬ್ಬುತ್ತಿದ್ದ ಗಿರಿಜಾಳ ಮುಂದೆ ಹಿಡಿದು, ತರಗತಿಯ ದನಿಯಲ್ಲಿ, "ಯಾರನ್ನೂ ದೂಷಿಸುವ ಪ್ರಶ್ನೆ ಇಲ್ಲ ಗಿರಿಜಾ. ಇದು ಕೇವಲ ಆರೋಗ್ಯದ ವಿಷಯ" ಎಂದೆ.

ಗಿರಿಜಾ ಬಾಚಣಿಗೆ ನೋಡಿದಳು. ನನ್ನ ತಲೆ ನೋಡಿದಳು. ನನ್ನ ಕೈಯಲ್ಲಿದ್ದ ಟೋಪಿಯನ್ನೂ ನೋಡಿದಳು. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, "ಅಮ್ಮಾ, ಹಿಟ್ಟು ಅರ್ಧ ಆಗಿದೆ. ಬೇರೆಯವ್ರನ್ನ ನೋಡ್ಕೊಳ್ಳಿ" ಎಂದು ನಾಗವೇಣಿಗೆ ಹೇಳಿ ಹೊರಟುಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ನನ್ನ ತಲೆ ಮಾತ್ರ ಮೊದಲಿಗಿಂತ ಜೋರಾಗಿ ತುರಿಸಿತು. ಆಗಲಾದರೂ ತರ್ಕದಲ್ಲಿ ತಪ್ಪಿದೆ ಎಂದು ಹೊಳೆಯಬೇಕಿತ್ತು. ಶುಕ್ರವಾರ ಬೆಳಿಗ್ಗೆ ನಾಗವೇಣಿ ಕಡುಬಿನ ಹಿಟ್ಟಿನ ಪಾತ್ರೆಯನ್ನು ತಂದು ನನ್ನ ಮುಂದಿಟ್ಟಳು. "ನಾಳೆ ಹನ್ನೊಂದು ಜನಕ್ಕೆ ಕಡುಬು ಕಟ್ಟೋದು ನೀವೇ. ಇಲ್ಲಾ ಈಗಲೇ ಹೋಗಿ ಅವಳನ್ನ ಕರ್ಕೊಂಡು ಬನ್ನಿ. ಎಂಟು ವರ್ಷದಿಂದ ನಮ್ಮನೆ ಒಲೆ ಹಚ್ಚಿದೋಳು. ನಿಮ್ಮ ತಲೆಗಿಂತ ಅವಳ ಮುಖ ನನಗೆ ದೊಡ್ಡದು."

ಟೋಪಿ ಇಟ್ಟುಕೊಂಡು ಲೈನಿಗೆ ಹೋದೆ. ಕ್ಷಮೆ ಕೇಳಲು ಹೋಗುವಾಗ ಟೋಪಿ ಬೇಕಿತ್ತೇ ಎಂದು ಈಗ ಕೇಳಿಕೊಳ್ಳುತ್ತೇನೆ. ಮಧ್ಯಾಹ್ನದ ಹೊತ್ತು, ಕಾಫಿ ಕೊಯ್ಲು ಮುಗಿದ ದಿನಗಳು. ನಾಲ್ಕೈದು ಹೆಂಗಸರು ಮೆಟ್ಟಿಲ ಮೇಲಿದ್ದರು. ಗಿರಿಜಾಳೂ ಅವರ ನಡುವೆ ಕೂತಿದ್ದಳು. ಮಾತು ಹುಡುಕುತ್ತ, ಅಭ್ಯಾಸಬಲದಿಂದ ಟೋಪಿ ತೆಗೆದು ಕೆರೆದೆ.

"ಬಂದ್ರು ನೋಡು ಡಾಕ್ಟ್ರು. ಬಾಚಣಿಗೆ ತಂದಿದ್ದೀರಾ ಸಾರ್?" ಎಂದಳು ಒಬ್ಬಳು. ಉಳಿದವರು ಸೆರಗು ಬಾಯಿಗೆ ಒತ್ತಿಕೊಂಡರು.

"ತಪ್ಪಾಯ್ತು ಗಿರಿಜಾ" ಎಂದೆ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಆದರೆ ಆ ಸಂದರ್ಭದಲ್ಲಿ ಲಭ್ಯವಿದ್ದ ಮಾಹಿತಿಯ ಪ್ರಕಾರ..." ಎಂದು ಮುಂದುವರಿಸಿದೆ.

"ಕೂರಿ ಸಾರ್" ಎಂದಳು ಗಿರಿಜಾ.

"ಎಲ್ಲಿ?"

"ಇಲ್ಲೇ. ಕೆಳಗಿನ ಮೆಟ್ಟಿಲಿಗೆ. ತಲೆ ಬಗ್ಗಿಸಿ."

ಕೂತೆ. ನಾಲ್ಕು ಜನರ ಮುಂದೆ ಗಿರಿಜಾ ನನ್ನ ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ, ಹಲಸಿನಕಾಯಿ ನೋಡುವಂತೆ ಬೆರಳಿನಿಂದ ತಟ್ಟಿ ನೋಡಿದಳು. "ಹೇನಂತೆ ಹೇನು! ಹೇನು ಕೂರಕ್ಕೆ ಕೂದ್ಲಾದ್ರೂ ಬೇಡ್ವ ಸಾರ್? ಇಲ್ಲಿ ಬಂದ್ರೆ ಅದು ಜಾರಿ ಬೀಳ್ತದೆ." ಆಮೇಲೆ ಗುಳ್ಳೆಗಳ ಸಾಲಿನ ಮೇಲೆ ಬೆರಳಾಡಿಸಿದಳು. ನನ್ನ ತೊಡೆಯ ಮೇಲಿದ್ದ ಟೋಪಿ ತೆಗೆದುಕೊಂಡಳು. ಒಳಗಿನ ಬೆವರು ಪಟ್ಟಿಯನ್ನು ಉಗುರಿನಿಂದ ಮಗುಚಿದಳು. ಒಂದು ಚೂರು ಇದ್ದಿಲು ಉರುಳಿ ಮೆಟ್ಟಿಲ ಮೇಲೆ ಬಿತ್ತು. ಅದರ ಹಿಂದೆ ಒಂದು ಮೊಟ್ಟೆಯ ಸಿಪ್ಪೆ. ಪಟ್ಟಿಯ ಹೊಲಿಗೆಯಲ್ಲಿ ಸೂಜಿಮೊನೆಯಷ್ಟು ಸಣ್ಣ, ಕೆಂಪಗಿನ ಏನೋ ಸಾಲುಸಾಲಾಗಿ ಓಡಾಡುತ್ತಿದ್ದವು.

"ಕೋಳಿಹೇನು" ಎಂದಳು ಗಿರಿಜಾ, ಮೆಟ್ಟಿಲ ಮೇಲಿನವರಿಗೆ ತೋರಿಸುತ್ತ. "ಇದು ಕಾವಿಗೆ ಕೂರ್ಸಿದ್ದ ಟೋಪಿ ಕಣ್ರೇ. ಅದನ್ನ ತಲೆಗೆ ಇಟ್ಕೊಂಡವ್ರೆ!"

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕೋಳಿಯನ್ನು ಕಾವಿಗೆ ಕೂರಿಸುವಾಗ, ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಜೊತೆಗೆ ಒಂದು ಚೂರು ಇದ್ದಿಲು ಇಡುತ್ತಾರೆ. ಇಪ್ಪತ್ತೊಂದು ದಿನ ಕೋಳಿ ಏಳದೆ ಕೂತ ಜಾಗದಲ್ಲಿ ಮರಿಗಳಿಗಿಂತ ಮೊದಲು ಹುಟ್ಟುವುದು ಕೋಳಿಹೇನು. ಅವು ಮನುಷ್ಯರ ಮೈಯಲ್ಲಿ ಸಂಸಾರ ಹೂಡುವುದಿಲ್ಲ. ಟೋಪಿಯಲ್ಲಿ ವಾಸ, ನನ್ನ ತಲೆಯಲ್ಲಿ ಊಟ. ನಾಗವೇಣಿಗಿಂತ ಅಚ್ಚುಕಟ್ಟಾಗಿ ನಾನೊಂದು ಹೋಂಸ್ಟೇ ನಡೆಸುತ್ತಿದ್ದೆ.

"ನನ್ನ ಟೋಪಿಯಲ್ಲಿ ಕೋಳಿ ಕೂರಿಸಿದವರು ಯಾರು?" ಎಂದು ಕೇಳಿದೆ. ದನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು.

ಗಿರಿಜಾ ಟೋಪಿಯನ್ನು ದೂರ ಎಸೆದಳು. "ಮನೆಗೆ ಹೋಗಿ ನಿಮ್ಮ ಪುಸ್ತಕ ನೋಡಿ ಸಾರ್" ಎಂದಳು. "ದಿನಾ ಬರೀತೀರಲ್ಲ."

ಹೋಗಿ ನೋಡಿದೆ. ಸಂಕ್ರಾಂತಿ ಕಳೆದ ವಾರದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿತ್ತು: "ಕರಿ ಹೇಂಟೆ ಕಾವಿಗೆ ಬಂದಿದೆ. ಬುಟ್ಟಿ ಖಾಲಿ ಇಲ್ಲ. ನನ್ನ ಟೋಪಿ ಕೊಟ್ಟೆ. ಗಿರಿಜಾ, ಬೇಡ ಸಾರ್ ಎಂದಳು. ಮನುಷ್ಯನ ಆಡಂಬರಕ್ಕಿಂತ ಒಂದು ಜೀವ ದೊಡ್ಡದು ಎಂದು ತಿಳಿಸಿ ಹೇಳಿದೆ. ಏಳು ಮೊಟ್ಟೆ." ಮುಂದಿನ ತಿಂಗಳ ಒಂದು ಪುಟ: "ಆರು ಮರಿ. ಟೋಪಿ ಸುಟ್ಟುಬಿಡಿ ಎಂದು ಗಿರಿಜಾ ಹೇಳುತ್ತಾಳೆ. ಈ ಜನರ ಮೂಢನಂಬಿಕೆ! ಕೋಳಿಗೂಡಿನಿಂದ ತಂದು ಹಜಾರದ ಮೊಳೆಗೆ ಹಾಕಿದೆ." ವರ್ಷಗಟ್ಟಲೆ ಮೊಳೆಯಲ್ಲಿ ನೇತಾಡುತ್ತಿದ್ದ ಟೋಪಿಯ ಇತಿಹಾಸ ಇಷ್ಟು. ಆ ಎರಡು ಹಾಳೆಗಳನ್ನು ಹರಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಬಂತು ಎನ್ನುವುದನ್ನೂ ಮುಚ್ಚಿಡಬಾರದು. ಹರಿಯಲಿಲ್ಲ. ಸತ್ಯನಿಷ್ಠೆಯಿಂದಲ್ಲ, ನಾಗವೇಣಿ ಹೆಗಲ ಹಿಂದೆ ನಿಂತು ಓದುತ್ತಿದ್ದಳು.

ಸಂಜೆ ಮತ್ತೆ ಲೈನಿಗೆ ಹೋಗಿ, ಈ ಸಲ ಬರಿತಲೆಯಲ್ಲಿ, 'ಆದರೆ' ಎಂಬ ಪದ ಬಳಸದೆ ಕ್ಷಮೆ ಕೇಳಿದೆ. ಟೋಪಿ ಆಗಲೇ ಅವರ ಒಲೆ ಸೇರಿತ್ತು. "ಮೆಡಿಕಲ್ ಶಾಪಿಂದೇ ಹಚ್ಚಿ. ತಣ್ಣೀರಲ್ಲಿ ತೊಳೀರಿ. ಕೆರೀಬೇಡಿ, ಎರಡು ದಿನಕ್ಕೆ ಇಳೀತದೆ" ಎಂದಳು ಗಿರಿಜಾ. ಒಂದು ಷರತ್ತೂ ಹಾಕಿದಳು: ಆ ಬಾಚಣಿಗೆಯನ್ನು ಎಸೆಯಕೂಡದು, ಟೋಪಿ ಇದ್ದ ಮೊಳೆಗೇ ಹಾಕಬೇಕು. ಹಾಕಿದ್ದೇವೆ. ಶನಿವಾರ ಬಂದ ಹನ್ನೊಂದು ಜನ ಗಿರಿಜಾಳ ಕಡುಬು ತಿಂದು, ಹಳೇ ಕಾಲದ ವಸ್ತುವೆಂದು ಅದರ ಫೋಟೋ ತೆಗೆದುಕೊಂಡರು. ನನ್ನದು ತೆಗೆಯಲಿಲ್ಲ.

ಆ ಸಂಜೆ ಜೊತೆಯಲ್ಲಿ ಮನೆಗೆ ಬರುವಾಗ ದಾರಿಯಲ್ಲಿ ಗಿರಿಜಾಳನ್ನು ಕೇಳಿದ್ದೆ: ಡೈರಿ ಬರೆಯುವ ನನಗೇ ನೆನಪಿರಲಿಲ್ಲ, ನಿನಗೆ ಎಲ್ಲ ಹೇಗೆ ನೆನಪಿರುತ್ತದೆ ಎಂದು. ಅವಳು ಕೊಟ್ಟ ಉತ್ತರ ಒಂದೇ ಸಾಲು. ಮೂವತ್ತು ವರ್ಷ ಇತಿಹಾಸ ಕಲಿಸಿದರೂ ಅಂಥ ಮಾತು ನನ್ನ ಬಾಯಲ್ಲಿ ಬಂದಿರಲಿಲ್ಲ. ಮರೆಯಬಾರದೆಂದು ಮನೆಗೆ ಬಂದವನೇ ಡೈರಿಯಲ್ಲಿ ಬರೆದಿಟ್ಟೆ. ಮೊನ್ನೆ ಊಟಕ್ಕೆ ಕೂತಾಗ ನಾಗವೇಣಿ, "ಅವತ್ತು ಗಿರಿಜಾ ಏನೋ ಒಂದು ಚಂದದ ಮಾತು ಹೇಳಿದ್ಲು ಅಂದ್ರಲ್ಲ, ಏನ್ರೀ ಅದು?" ಎಂದು ಕೇಳಿದಳು.

ಗುಳ್ಳೆಗಳೆಲ್ಲ ಮಾಯ್ದು ವಾರಗಳಾಗಿದ್ದವು. ಆದರೂ ತಲೆ ಕೆರೆದುಕೊಂಡೆ.