ಸರದಿಯಲ್ಲಿ ನಿಂತ ನನ್ನ ಕೊಡೆ

ನಾನು ಜೀವಮಾನದಲ್ಲಿ ಒಮ್ಮೆಯೂ ಸರದಿಯಲ್ಲಿ ನಿಂತವನಲ್ಲ ಎಂದು ಈ ಮೂಲಕ ಬಹಿರಂಗವಾಗಿ ಒಪ್ಪಿಕೊಳ್ಳುತ್ತೇನೆ. ಹಾಗೆಂದು ನನ್ನನ್ನು ನುಗ್ಗುವ ಜಾತಿಯವನೆಂದೋ ವಶೀಲಿ ಹಚ್ಚುವವನೆಂದೋ ಯಾರೂ ತಿಳಿಯಬಾರದು. ಸರದಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಆ ಗೌರವದಿಂದಲೇ ನಾನು ಅದರಲ್ಲಿ ನಿಲ್ಲದೆ, ನನಗಿಂತ ಯೋಗ್ಯವಾದ ವಸ್ತುಗಳನ್ನು ನನ್ನ ಪರವಾಗಿ ಕಳಿಸುತ್ತ ಬಂದಿದ್ದೇನೆ. ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ಕುಮಟೆಯ ಬಸ್ಸು ಪೂರ್ತಿ ನಿಲ್ಲುವುದಕ್ಕೆ ಮೊದಲೇ ಕಿಟಕಿಯಿಂದ ಒಳಗೆ ಹಾರಿ ಸೀಟು ಹಿಡಿಯುತ್ತಿದ್ದದ್ದು ನನ್ನ ಟವೆಲ್ಲು. ಕರ್ಕಿಯಲ್ಲಿ ರಾತ್ರಿಯ ಯಕ್ಷಗಾನದ ಆಟಕ್ಕೆ ಸಂಜೆಯಿಂದಲೇ ಮುಂದಿನ ಸಾಲಿನಲ್ಲಿ ಮಲಗಿರುತ್ತಿದ್ದದ್ದು ನನ್ನ ಚಾಪೆ. ರೇಷನ್ ಸೊಸೈಟಿಯ ಮುಂದೆ ಚಿಮಣಿ ಎಣ್ಣೆಗೆ ಬಿಸಿಲಲ್ಲಿ ಒಣಗುತ್ತಿದ್ದದ್ದು ನನ್ನ ಡಬ್ಬಿ. ಮೂವತ್ತು ವರ್ಷ ಸರಕಾರಿ ಕಚೇರಿಯಲ್ಲಿ ಕೆಲಸ ಮಾಡಿದ ನಾನು, ಕುರ್ಚಿಯ ಬೆನ್ನಿಗೆ ಅಂಗವಸ್ತ್ರ ಹಾಕಿಟ್ಟು ಚಹಾಕ್ಕೆ ಹೋದರೆ ಮನುಷ್ಯ ಕೆಲಸದಲ್ಲಿದ್ದಾನೆಂದೇ ಅರ್ಥ ಎಂಬ ಪರಂಪರೆಯವನು.

ಚಿಮಣಿ ಎಣ್ಣೆಯ ಕಾಲ ಹೋಯಿತು. ಆದರೆ ಆ ಡಬ್ಬಿಗಳ ಶಿಸ್ತು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ನಲವತ್ತು ಡಬ್ಬಿ ಸಾಲಾಗಿ ನಿಂತಿದ್ದರೆ, ಅವುಗಳ ಯಜಮಾನರೆಲ್ಲ ಎದುರಿನ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಿರುತ್ತಿದ್ದರು. ಯಾರೋ ಒಬ್ಬ ಪುಣ್ಯಾತ್ಮ ಕಾಲಿನಿಂದ ಎಲ್ಲರ ಡಬ್ಬಿಯನ್ನೂ ಒಂದೊಂದು ಗೇಣು ಮುಂದೆ ದೂಡುತ್ತಿದ್ದ. ಮದುವೆಗೆಂದು ಕುಮಟೆಗೆ ಹೋದವನ ಡಬ್ಬಿಯೂ ಊಟ ಮುಗಿಸಿ ಅವನು ಬರುವ ಹೊತ್ತಿಗೆ ಸರಿಯಾಗಿ ಮುಂದಕ್ಕೆ ಬಂದಿರುತ್ತಿತ್ತು. ಇದಕ್ಕಿಂತ ದೊಡ್ಡ ನಾಗರಿಕತೆ ಇನ್ನೆಂತದ್ದು ಬೇಕು?

ಈ ನಾಗರಿಕತೆಯನ್ನು ನಾನು ಥೀಮ್ ಪಾರ್ಕಿಗೆ ಕೊಂಡೊಯ್ದೆ. ಅದೇ ತಪ್ಪಾಯಿತು.

ಮುರ್ಡೇಶ್ವರದ ಕಡೆಗೆ ಹೋಗುವ ಹೆದ್ದಾರಿಯ ಬದಿಗೆ ಆ ಪಾರ್ಕು ಶುರುವಾದ ಹೊಸದರಲ್ಲಿ ನಾವಿಬ್ಬರೂ ಒಮ್ಮೆ ಹೋಗಿದ್ದೆವು. ನಾವು ಎಂದರೆ ನಾನು ಮತ್ತು ನನ್ನ ಹೆಂಡತಿ ಸರೋಜ. ಆಗ ಅಲ್ಲಿ ಜನರಿಗಿಂತ ಯಂತ್ರಗಳೇ ಹೆಚ್ಚಿದ್ದವು. ಒಳಗೆ ಕಾಲಿಟ್ಟರೆ ಕೋಕಂ ಶರಬತ್ತು ಕೊಟ್ಟು, ‘ಬನ್ನಿ, ಇದ್ರಲ್ಲಿ ಕೂತ್ಕಳಿ, ಅದ್ರಲ್ಲಿ ಕೂತ್ಕಳಿ’ ಎಂದು ಮದುವೆಮನೆಯ ಹಾಗೆ ಕರೆಯುತ್ತಿದ್ದರು. ಜಾಯಂಟ್ ವೀಲ್ ಎನ್ನುವ ದೊಡ್ಡ ತೊಟ್ಟಿಲಿನವನಂತೂ ಸರೋಜಳನ್ನು ಹೆಸರು ಕೇಳಿ ಕರೆದ. ಅವಳಿಗೆ ಹುಡುಗಿಯಾಗಿದ್ದಾಗಿನಿಂದ ಒಂದೇ ಆಸೆ, ತೊಟ್ಟಿಲಿನ ತುತ್ತತುದಿಯಲ್ಲಿ ಕೂತು ಸಮುದ್ರವನ್ನು ಮೇಲಿನಿಂದ ನೋಡಬೇಕು. ಅವಳು ಒಂದು ಕಾಲು ಮುಂದಿಟ್ಟಳು. ನಾನು ಗಡಿಯಾರ ನೋಡಿದೆ. ‘ನಾಲ್ಕರ ಬಸ್ಸು ತಪ್ತದೆ. ತೊಟ್ಟಿಲು ಎಂತ ಓಡಿ ಹೋಗ್ತದೆಯಾ? ಮತ್ತೊಂದು ದಿನ ಬಪ್ಪ’ ಎಂದೆ. ಆ ಮತ್ತೊಂದು ದಿನ ಬರಲು ಒಂಬತ್ತು ವರ್ಷ ಹಿಡಿಯಿತು. ನಾಲ್ಕರ ಬಸ್ಸು ಅಂದು ಐದಕ್ಕೆ ಬಂದಿತ್ತೆಂಬುದನ್ನು ಸರೋಜ ಈ ಒಂಬತ್ತೂ ವರ್ಷ ಮರೆತಿರಲಿಲ್ಲ.

ಈ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಅವಳು ದೋಸೆ ಹಾಕುತ್ತ, ನನ್ನ ಕಡೆ ತಿರುಗದೆಯೇ ಹೇಳಿದಳು: ‘ಬರೋ ಗುರುವಾರಕ್ಕೆ ನನಗೆ ಅರವತ್ತು.’

‘ಆತು. ಪಾಯಸ ಮಾಡು’ ಎಂದೆ.

‘ಪಾಯಸ ಅಲ್ಲ. ಅರವತ್ತಾದವರನ್ನ ತೊಟ್ಟಿಲಿಗೆ ಹತ್ತಿಸೂದಿಲ್ಲ ಅಂತ ಅಲ್ಲಿ ಬೋರ್ಡ್ ಹಾಕಿದ್ದಾರಂತೆ. ಇನ್ನು ನಾಲ್ಕು ದಿನ ಅದೆ.’

ದೋಸೆ ಕಾವಲಿಯ ಮೇಲೆ ಸುಂಯ್ ಎಂದಿತು. ನಾನು ಎದ್ದು ಕೊಡೆ ತೆಗೆದುಕೊಂಡೆ.

ಒಂಬತ್ತು ವರ್ಷದಲ್ಲಿ ಪಾರ್ಕು ಬಹಳ ಮುಂದುವರಿದಿತ್ತು. ಟಿಕೆಟಿನ ದರ ಆ ತೊಟ್ಟಿಲಿಗಿಂತ ಎತ್ತರಕ್ಕೆ ಹೋಗಿತ್ತು, ಶರಬತ್ತು ನಿಂತಿತ್ತು. ಬಾಗಿಲಲ್ಲಿದ್ದ ಡೈನೋಸಾರಿನ ಬಾಲ ಮುರಿದು ಬಿದ್ದು, ಅದು ಈಗ ದೂರದಿಂದ ಹಲ್ಲಿಯ ಹಾಗೆ ಕಾಣುತ್ತಿತ್ತು. ಮೂರು ಆಟಗಳಿಗೆ ‘ದುರಸ್ತಿಯಲ್ಲಿದೆ’ ಎಂಬ ಫಲಕ. ಫಲಕಕ್ಕೂ ತುಕ್ಕು ಹಿಡಿದಿತ್ತು. ಭಟ್ಕಳ, ಹೊನ್ನಾವರ, ಕುಮಟೆಗಳ ಸಮಸ್ತ ಜನತೆ ರಜೆಯೆಂದು ಒಳಗೆ ಬಂದು ನಿಂತಿತ್ತು. ನಿಂತಿತ್ತು ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ಅಷ್ಟು ಹಣ ಕೊಟ್ಟು ನಾವು ಕೊಂಡದ್ದು ಆಡುವ ಹಕ್ಕನ್ನಲ್ಲ, ಬಿಸಿಲಲ್ಲಿ ನಿಲ್ಲುವ ಹಕ್ಕನ್ನು. ದೊಡ್ಡ ತೊಟ್ಟಿಲಿನ ಸಾಲಿನ ನಡುವೆ ಒಂದು ಕಂಬಕ್ಕೆ ‘ಇಲ್ಲಿಂದ ಎರಡು ತಾಸು’ ಎಂದು ಬರೆದಿತ್ತು. ಇಡೀ ಪಾರ್ಕಿನಲ್ಲಿ ಸುಳ್ಳು ಹೇಳದ ವಸ್ತು ಅದೊಂದೇ. ನಾವು ಆ ಕಂಬಕ್ಕಿಂತಲೂ ಹಿಂದಿದ್ದೆವು. ತೊಟ್ಟಿಲಿಗೆ ಊಟದ ಬಿಡುವಿತ್ತು, ಅದು ಮತ್ತೆ ತಿರುಗುವುದು ಎರಡಕ್ಕೆ.

ನನ್ನೊಳಗಿನ ನಾಗರಿಕ ಎಚ್ಚೆತ್ತ. ಕೊಡೆಯನ್ನು ನೆಲದಲ್ಲಿ ನೆಟ್ಟೆ. ಮುಂದೆ ನಿಂತಿದ್ದ ಹೆಂಗಸಿಗೆ, ‘ಅಕ್ಕಾ, ಇದು ನಮ್ಮ ಜಾಗ. ಸ್ವಲ್ಪ ನೋಡ್ಕಳಿ’ ಎಂದೆ. ಅವಳು ಮಾವಿನಕುರ್ವೆಯ ಮಾದೇವಕ್ಕ, ಮೀನು ವ್ಯಾಪಾರದವಳು, ನಾಯ್ಕನಾದ ನನ್ನ ಗುರುತಿದ್ದವಳು. ಕೊಡೆಯನ್ನು ನೋಡಿದ್ದೇ ಅವಳ ಮುಖ ಅರಳಿತು.

‘ಅಯ್ಯ ನಾಯ್ಕ್ರೇ, ಚಿಮಣಿ ಎಣ್ಣೆ ಡಬ್ಬಿ ನೆನಪಾತಲ್ರಾ! ಹಂಗಾರೆ ನಾನೆಂತಕ್ಕೆ ಒಣಗೂದು?’ ಎಂದವಳೇ ಚಪ್ಪಲಿ ಎರಡನ್ನೂ ಜೋಡಿಸಿ ಸಾಲಿನಲ್ಲಿಟ್ಟು ಗೇರುಮರದ ನೆರಳಿಗೆ ನಡೆದಳು.

ಮುಂದಿನದು ಚರಿತ್ರೆ. ಚಪ್ಪಲಿಯ ಮುಂದೆ ಒಂದು ಹೆಲ್ಮೆಟ್ಟು, ಅದರ ಮುಂದೆ ನೀರಿನ ಬಾಟಲಿ, ಭಟ್ಕಳದ ಒಬ್ಬ ಸಾಹೇಬರ ಜರಿ ಅಂಚಿನ ಕೈಚೀಲ, ಮತ್ತೆ ಚಪ್ಪಲಿ, ಮತ್ತೆ ಚಪ್ಪಲಿ. ಹತ್ತು ನಿಮಿಷದಲ್ಲಿ ಆ ಸಾಲಿನಲ್ಲಿ ಜೀವವಿದ್ದದ್ದೆಂದರೆ ಇರುವೆ ಮಾತ್ರ. ನಾವೆಲ್ಲ ನೆರಳಿನಲ್ಲಿ ಕೂತು, ಹೊರಗಿನ ತಿಂಡಿ ತರಬಾರದೆಂಬ ನಿಯಮವನ್ನು ಮೀರಿ ತಂದ ಅವಲಕ್ಕಿಯನ್ನು ಹಂಚಿಕೊಂಡೆವು. ನಾನು ಸರದಿಶಾಸ್ತ್ರದ ಬಗ್ಗೆ ಮಾತಾಡಿದೆ. ಸಾಹೇಬರು ‘ಬರಾಬರ್, ಬರಾಬರ್’ ಎಂದರು. ಅಷ್ಟು ಗೌರವ ನನಗೆ ಕಚೇರಿಯಲ್ಲಿ ನಿವೃತ್ತಿಯ ದಿನವೂ ಸಿಕ್ಕಿರಲಿಲ್ಲ. ಸರೋಜ ಮಾತ್ರ ನನ್ನ ಮುಖವನ್ನೂ ಗಡಿಯಾರವನ್ನೂ ಸಾಲಿನ ಚಪ್ಪಲಿಗಳನ್ನೂ ಸರದಿಯ ಪ್ರಕಾರ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ‘ಕೈ ತೊಳ್ದು ಬರ್ತೆ’ ಎಂದು ಎದ್ದು ಹೋದಳು.

ನಾನು ಡಬ್ಬಿ ದೂಡುವ ಪುಣ್ಯಾತ್ಮನ ಕರ್ತವ್ಯಗಳನ್ನು ವಿವರಿಸುತ್ತಿದ್ದೆ. ಆಗ ಮಾದೇವಕ್ಕ ಅವಲಕ್ಕಿಯ ಕೈಯನ್ನು ಬಾಯಿಯ ಹತ್ತಿರವೇ ನಿಲ್ಲಿಸಿದಳು.

‘ನಾಯ್ಕ್ರೇ, ತೊಟ್ಲು ತಿರುಗ್ತಾ ಅದೆ.’

‘ಖಾಲಿ ತಿರುಗಿಸಿ ನೋಡ್ತಾರೆ. ಪರೀಕ್ಷೆ ಅದು.’

‘ಖಾಲಿ ಎಂತದ್ರಾ! ಮೇಲೆ ಹಸಿರು ಸೀರೆ ಕಾಣ್ತದೆ. ಅದು ನಿಮ್ಮನೆಯವರಲ್ದಾ?’

ನಾನು ಕನ್ನಡಕ ಒರೆಸಿ ನೋಡಿದೆ. ತೊಟ್ಟಿಲಿನ ತುತ್ತತುದಿಯಲ್ಲಿ ನನ್ನ ಧರ್ಮಪತ್ನಿ ವಿರಾಜಮಾನಳಾಗಿದ್ದಳು. ಅವಳು ಕೈ ತೊಳೆದುಕೊಂಡದ್ದು ನನ್ನ ಸರದಿಶಾಸ್ತ್ರದ ಸಹವಾಸದಿಂದ ಎಂದು ಆಗ ಹೊಳೆಯಿತು. ಅವಳ ಹಿಂದೆ, ಮುಂದೆ, ಕೆಳಗೆ ಎಲ್ಲ ತೊಟ್ಟಿಲಲ್ಲೂ ಹುಬ್ಬಳ್ಳಿ ಕಡೆಯ ಒಂದು ದೊಡ್ಡ ಸಂಸಾರ ಕೂತು ಕೇಕೆ ಹಾಕುತ್ತಿತ್ತು.

ನಾವೆಲ್ಲ, ಹೆಚ್ಚಿನವರು ಬರಿಗಾಲಲ್ಲಿ, ಕಾದ ಸಿಮೆಂಟಿನ ಮೇಲೆ ಕುಣಿಯುತ್ತ ಗೇಟಿಗೆ ಓಡಿದೆವು. ಅಲ್ಲಿ ಸಮವಸ್ತ್ರ ತೊಟ್ಟ ಹೆಂಗಸೊಬ್ಬಳು ಸೀಟಿ ಕಚ್ಚಿಕೊಂಡು ನಿಂತಿದ್ದಳು.

‘ಸರದಿ ಬಿಟ್ಟು ಜನರನ್ನ ಹ್ಯಾಗೆ ಹತ್ತಿಸಿದ್ರಿ?’ ಎಂದೆ, ಹಳೆಯ ಕಚೇರಿಯ ಧ್ವನಿಯಲ್ಲಿ.

‘ಎರಡು ಗಂಟೆಗೆ ಗೇಟ್ ತೆಗೆದೆ. ಸಾಲಲ್ಲಿ ಒಬ್ಬರೂ ಇರಲಿಲ್ಲ. ಆ ಅಮ್ಮ ಒಬ್ಬರೇ ನಡೆದು ಬಂದರು. ಅವರನ್ನು ನೋಡಿ ಆ ಸಂಸಾರದವರೂ ಬಂದರು.’

‘ಒಬ್ಬರೂ ಇಲ್ಲವೆ? ಇಷ್ಟು ಚಪ್ಪಲಿ ಕಾಣೂದಿಲ್ವೆ ನಿಮಗೆ?’

ಅವಳು ಸಾಲನ್ನು ನೋಡಿದಳು. ನನ್ನನ್ನು ನೋಡಿದಳು. ‘ಚಪ್ಪಲಿಗೆ ಟಿಕೆಟ್ ತಗೊಂಡಿದ್ದೀರಾ?’ ಎಂದು ಕೇಳಿದಳು.

ಡಬ್ಬಿಯ ನಾಗರಿಕತೆ ಆ ಕ್ಷಣ, ಆ ಜಾಗದಲ್ಲಿ ಅಸುನೀಗಿತು. ಮಾದೇವಕ್ಕ ನನ್ನ ಕಡೆ ತಿರುಗಿದಳು. ಅವಳ ಹಿಂದೆ ಎಪ್ಪತ್ತು ಬರಿಗಾಲುಗಳು ತಿರುಗಿದವು. ‘ಚಪ್ಪಲಿ ದಾಟಿ ಹೋದದ್ದು ನಿಮ್ಮನೆಯವರೇ ಅಲ್ರಾ? ಈಗ ನ್ಯಾಯ ಹೇಳಿ!’ ಎಂದಳು. ಸಾಹೇಬರೂ ‘ಬರಾಬರ್’ ಎಂದರು. ಶಾಸ್ತ್ರಕಾರನಾದ ನಾನು ನ್ಯಾಯ ಹೇಳಲೇಬೇಕಾಗಿತ್ತು. ಹೇಳಿದರೆ ಮನೆಯಲ್ಲಿ ಅನ್ನವಿಲ್ಲ, ಹೇಳದಿದ್ದರೆ ಇಲ್ಲಿ ಪೆಟ್ಟು. ಆ ಸಂದಿಗ್ಧದಲ್ಲಿ ಮೇಲಿನಿಂದ ಒಂದು ಕೂಗು ಬಂತು.

‘ನೋಡಿ! ಸಮುದ್ರ! ಪೂರಾ ಕಾಣ್ತದೆ! ದೋಣಿ ಎಲ್ಲ ಗೇರುಬೀಜದಷ್ಟು!’

ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ಅಷ್ಟು ದೊಡ್ಡದಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. ಎಲ್ಲರೂ ತಲೆಯೆತ್ತಿದರು. ಮಾದೇವಕ್ಕನ ಸಿಟ್ಟು ನಗೆಯಾಗಿ ಹೊರಬಿತ್ತು. ‘ನಮ್ಮ ಕುರ್ವೆ ಕಾಣ್ತದ್ಯಾ ಅಕ್ಕಾ?’ ಎಂದು ಕೆಳಗಿನಿಂದ ಕೇಳಿದಳು. ಆಮೇಲೆ ಚಪ್ಪಲಿ ಮೆಟ್ಟಿ, ‘ಇದು ಕಾಲಲ್ಲಿ ಇದ್ರೇ ಚೊಲೊ’ ಎನ್ನುತ್ತ ಖುದ್ದಾಗಿ ಸಾಲಿನಲ್ಲಿ ನಿಂತಳು. ಒಂದು ವಿಷಯ ದಾಖಲಾಗಬೇಕು: ಉಳಿದವರೂ ತಮ್ಮ ತಮ್ಮ ಚಪ್ಪಲಿ ಇದ್ದ ಜಾಗದಲ್ಲೇ ಹೋಗಿ ನಿಂತರು. ಒಬ್ಬನೂ ಒಂದು ಗೇಣು ಮುಂದೆ ಬರಲಿಲ್ಲ.

ಸರೋಜ ಇಳಿದು ಬಂದಳು. ಆಧಾರ್ ಕಾರ್ಡು ಇನ್ನೂ ಕೈಯಲ್ಲಿತ್ತು. ‘ವಯಸ್ಸು ಕೇಳಿದ್ರು. ತೋರಿಸ್ದೆ’ ಎಂದಳು, ಪರೀಕ್ಷೆ ಪಾಸಾದವಳಂತೆ.

‘ನನ್ನ ಕೊಡೆ ನಿಂತಿತ್ತಲ್ಲ. ಅದರ ಮೇಲೆ ನಂಬಿಕೆ ಇರಲಿಲ್ವೆ?’

‘ಕೊಡೆ ಮೇಲೆ ನಂಬಿಕೆ ಇತ್ತು’ ಎಂದಳು. ಅಷ್ಟೇ.

ನಾವು ನಾಲ್ಕರ ಬಸ್ಸನ್ನೇ ಹಿಡಿದೆವು. ಅಂದು ಅದು ನಾಲ್ಕಕ್ಕೇ ಬಂತು. ಅಭ್ಯಾಸದಂತೆ ಕಿಟಕಿಯಿಂದ ಟವೆಲ್ಲು ಎಸೆದೆ. ಬಾಗಿಲಿಂದ ಹತ್ತಿ ನೋಡಿದರೆ ಸರೋಜ ಆಗಲೇ ಕಿಟಕಿಯ ಪಕ್ಕ ಕೂತಿದ್ದಳು, ಟವೆಲ್ಲು ಅವಳ ತಲೆಯ ಮೇಲಿತ್ತು. ಬಸ್ಸು ಹೊರಟ ಮೇಲೆ ನೆನಪಾಯಿತು, ಕೊಡೆ ಸಾಲಿನಲ್ಲೇ ಉಳಿದಿದೆ. ‘ಇಳಿದು ತನ್ನಿ’ ಎಂದಳು. ನಾನು ಬೇಡವೆಂದೆ. ನನಗೆ ಅರವತ್ತಾಗಿ ನಾಲ್ಕು ವರ್ಷವಾಯಿತು, ವಯಸ್ಸಿನ ಆ ಬೋರ್ಡಿನ ಪ್ರಕಾರ ನನಗೆ ಆ ತೊಟ್ಟಿಲು ಇನ್ನಿಲ್ಲ. ಕೊಡೆಗೆ ಹನ್ನೊಂದೇ ವರ್ಷ. ಜೀವನಪೂರ್ತಿ ನನಗಾಗಿ ನಿಂತದ್ದು, ಒಮ್ಮೆ ತನ್ನ ಸಲುವಾಗಿ ಹತ್ತಿ ಸಮುದ್ರ ನೋಡಲಿ.