ಎಡಗಡೆ ಕಂಬ ನಂದು, ಬಲಗಡೆ ಕಂಬ ಅವನದು

ಹಾಸನದ ಬಸ್ ಸ್ಟ್ಯಾಂಡ್ ಹಿಂದೆ ಗಾಡಿಗಳಿಗೆ ಬಣ್ಣ ಬಳಿಯೋ ಶೆಡ್ಡು ಇಟ್ಟುಕೊಂಡವನಿಗೆ ತಮಾಷೆ ಹುಡುಕಿಕೊಂಡು ಹೋಗೋ ಕೆಲಸ ಇಲ್ಲ, ಅದೇ ಗಾಡಿ ಹತ್ತಿ ಬರುತ್ತೆ. ನನ್ನ ಕಷ್ಟ ಏನಪ್ಪಾ ಅಂದ್ರೆ, ನನ್ನ ಶೆಡ್ಡಿಗೆ ಬಂದ ತಮಾಷೆಗಳೆಲ್ಲಾ ಕೊನೆಗೆ ಎದುರು ಶೆಡ್ಡಿನವನಿಗೇ ಲಾಭ ಮಾಡಿಕೊಟ್ಟು ಹೋದವು.

ನಮ್ಮನೆ ಕಿಟಕಿ

ಎದುರು ಶೆಡ್ಡಿನವನು ಚನ್ನರಾಯಪಟ್ಟಣದ ಕಡೆಯವನು. ನಾನು ಹತ್ತಾರು ವರ್ಷದಿಂದ ಬ್ರಷ್ ಹಿಡಿದು ಕೂತಿದ್ದ ಜಾಗದ ಮುಂದೆಯೇ ಬಂದು ಅವನೂ ಬಣ್ಣದಂಗಡಿ ತೆರೆದ. ಇಷ್ಟು ದೊಡ್ಡ ಊರಲ್ಲಿ ಇವನಿಗೆ ಬೇರೆ ಜಾಗ ಸಿಗಲಿಲ್ಲವೇ? ಜಗಳ ಆಡೋಣ ಅಂದ್ರೆ ಬೆಳಗಾದರೆ ಕೈ ಮುಗಿದು "ಚೆನ್ನಾಗಿದ್ದೀರಾ ಅಣ್ಣಾ" ಅನ್ನೋನು. ಅವನು ಕೆಟ್ಟವನಾಗಿದ್ದಿದ್ದರೆ ನನಗೆ ಅರ್ಧ ಹೊಟ್ಟೆಯುರಿ ಕಮ್ಮಿಯಾಗೋದು.

ಒಂದು ಸಲ ಹೊಳೆನರಸೀಪುರದಲ್ಲಿ ಒಂದು ಲಾರಿ ಕೆಲಸ ಮುಗಿಸಿಕೊಂಡು ಮನೆಗೆ ಬಂದೆ. ನೋಡ್ತೀನಿ, ನಮ್ಮನೆ ಕಿಟಕಿ ಸರಳುಗಳು ಕರ್ರಗೆ ಮಿರಮಿರ ಮಿಂಚ್ತಾ ಇವೆ. ಯಾರು ಬಳಿದಿದ್ದು ಅಂತ ಕೇಳಿದ್ದಕ್ಕೆ ನಮ್ಮವಳು, ಯುಗಾದಿಯಿಂದ ನಿಮಗೆ ಹೇಳಿ ಹೇಳಿ ಸಾಕಾಯ್ತು, ಎದುರಂಗಡಿಯವರಿಗೆ ಒಂದು ಮಾತು ಹೇಳಿದೆ, ಬಂದು ಮಧ್ಯಾಹ್ನದೊಳಗೆ ಮುಗಿಸಿ ಹೋದರು ಅಂದಳು. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಕೇಳಿದ್ದೆ, ನಮ್ಮನೆ ಕಿಟಕಿಯಲ್ಲೇ ನೋಡಿದ್ದು ಅವತ್ತು. ಹೇಗೆ ಬಳಿದಿದ್ದಾನೋ ನೋಡೋಣ ಅಂತ ಉಗುರಲ್ಲಿ ಕೆರೆಯೋಕೆ ಹೋದೆ.

"ಮುಟ್ಬೇಡಿ ಅಂದ್ರೆ. ಕೈಯೆಲ್ಲಾ ಬಣ್ಣ ನಿಮ್ದು" ಅಂತ ಗದರಿದಳು.

ಅರಕಲಗೂಡಿನ ಹಾಸಿಗೆ

ಆವತ್ತಿಂದ ನನಗೆ ಒಂದೇ ಹಟ. ಇವನ ಬಣ್ಣಕ್ಕಿಂತ ಗಟ್ಟಿ ಬಣ್ಣ ಬಳಿದು ತೋರಿಸಬೇಕು. ಅಷ್ಟರಲ್ಲಿ ಅರಕಲಗೂಡು ಬಸ್ಸಿನ ಕಂಡಕ್ಟರ್ ಬಂದ. ಬಸ್ಸಿನ ಮೇಲೆ ಸಾಮಾನು ಹಾಕೋ ಕ್ಯಾರಿಯರ್ ತುಕ್ಕು ಹಿಡಿದಿದೆ, ಏನಾದರೂ ಮಾಡಿ, ಜನ್ಮದಲ್ಲಿ ಹೋಗಬಾರದು ಅಂದ.

ಜನ್ಮದಲ್ಲಿ ಹೋಗದೇ ಇರೋದು ಅಂದ್ರೆ ಡಾಂಬರು. ರಸ್ತೆಗೆ ಹಾಕಿದ್ದು ಹೋಗುತ್ತಾ? ಕಾಯಿಸಿ ಎರಡು ಕೈ ಬಳಿದೆ. ಬೆಳಗಿನ ತಂಪಲ್ಲಿ ಕಲ್ಲಿನಂಗಿತ್ತು. ಬಸ್ಸು ಬಿಸಿಲಲ್ಲಿ ಗೊರೂರು ದಾಟಿ ಅರಕಲಗೂಡು ಸೇರೋ ಹೊತ್ತಿಗೆ ಕರಗಿ ಅಂಟಾಗಿದೆ. ಹೊಸದಾಗಿ ಸಂಸಾರ ಹೂಡೋಕೆ ಹೊರಟಿದ್ದ ಒಬ್ಬ ಮೇಷ್ಟ್ರು ಕೆಳಗಿಳಿದರು, ಅವರ ಹಾಸಿಗೆ ಸುರುಳಿ ಇಳಿಯಲಿಲ್ಲ. ಮೇಲೆ ಹತ್ತಿ ಎಳೆಯೋಕೆ ಹೋದ ಕಂಡಕ್ಟರನ ಪಂಚೆಯೂ ಅಲ್ಲೇ ಹಿಡಿದುಕೊಳ್ತು. ಹಾಸಿಗೆ ಹಂಗೇ ಹಾಸನಕ್ಕೆ ವಾಪಸ್ ಬಂತು. ಅದರ ಹಿಂದೆ ಇನ್ನೊಂದು ಟಿಕೆಟ್ ತಗೊಂಡು ಮೇಷ್ಟ್ರೂ ಬಂದರು.

ನನ್ನ ಶೆಡ್ಡಿನ ಮುಂದೆ ಜನ ಸೇರಿದರು. ಎದುರಂಗಡಿಯವನು ಸೀಮೆಎಣ್ಣೆ ತಂದು ಹಾಸಿಗೇನ ನಾಜೂಕಾಗಿ ಬಿಡಿಸಿಕೊಟ್ಟ. ನಕ್ಕಿದ್ದರೆ ಬೈದಾದರೂ ಸಮಾಧಾನ ಮಾಡ್ಕೋತಿದ್ದೆ. ಆ ಪುಣ್ಯಾತ್ಮ ನಗಲಿಲ್ಲ.

"ಅಣ್ಣಾ, ಇದಕ್ಕಿಂತ ಗಟ್ಟಿ ಬಣ್ಣ ನನ್ ಕೈಲಾಗಲ್ಲ ಬುಡಿ" ಅಂದ.

ಕೋಳಿ ಪಂಜರ

ನಾಲ್ಕು ಬಸ್ಸು ಓಡಿಸ್ತಿದ್ದ ಒಬ್ಬ ಯಜಮಾನರು ಇದ್ದರು. ಬಸ್ಸಿನ ಮಾಲೀಕರಾದರೂ ಓಡಾಡೋದು ಜೀಪಲ್ಲಿ. ನುಗ್ಗೇಹಳ್ಳಿ ಹತ್ತಿರದ ತ್ವಾಟಕ್ಕೆ ಹೋಗ್ತಾ ಒಂದು ಸಲ ಜೀಪು ಮಗುಚಿತು, ಗದ್ದೆ ಬದಿಯಲ್ಲಿ ಇನ್ನೊಂದು ಸಲ ಮಗುಚಿತು. ಎರಡು ಸಲವೂ ದೇವರು ಕಾಪಾಡಿದ, ಮೂರನೇ ಸಲ ಅವನಿಗೆ ಪುರುಸೊತ್ತಿರುತ್ತೋ ಇಲ್ಲವೋ ಅಂತ ಯಜಮಾನರು ಕಮ್ಮಾರನ ಹತ್ತಿರ ದಪ್ಪ ಕಬ್ಬಿಣದ ಪೈಪು ಬಗ್ಗಿಸಿ ತಲೆ ಮೇಲೆ ಕಮಾನು, ಎಡಕ್ಕೊಂದು ಕಂಬ, ಬಲಕ್ಕೊಂದು ಕಂಬ ಮಾಡಿಸಿದರು. ಮಗುಚಿದರೂ ಒಳಗಿದ್ದವರು ಅಪ್ಪಚ್ಚಿ ಆಗಬಾರದು ಅಂತ. ಊರವರು ಅದನ್ನ ಕೋಳಿ ಪಂಜರ ಅಂದರು.

ಪಂಜರಕ್ಕೆ ತುಕ್ಕು ಹಿಡಿಯದ, ಚಕ್ಕೆ ಏಳದ ಬಣ್ಣ ಬೇಕು. ಯಜಮಾನರು ಇಬ್ಬರನ್ನೂ ಕರೆದರು. ಎಡಗಡೆ ಒಬ್ಬ, ಬಲಗಡೆ ಒಬ್ಬ ಬಳೀರಿ. ಮಳೆಗಾಲ ಮುಗಿಯಲಿ. ಯಾರದ್ದು ನಿಲ್ಲುತ್ತೋ ಅವನಿಗೇ ನನ್ನ ನಾಲ್ಕು ಬಸ್ಸಿನ ಕೆಲಸ, ವರ್ಷಾ ವರ್ಷಾ, ಅಂದರು. ಆ ಕೆಲಸ ನನಗೆ ಸಿಕ್ಕರೆ ಇವನು ಶೆಡ್ಡು ಮುಚ್ಚಿ ಚನ್ನರಾಯಪಟ್ಟಣದ ಬಸ್ಸು ಹತ್ತಲೇಬೇಕು.

ಅವನು ಬಾಯಿ ಬಿಡೋದಕ್ಕೆ ಮುಂಚೆ ಎಡಗಡೆ ನಂದು ಅಂದೆ. ಯಜಮಾನರು ಕೂರೋದು ಎಡಗಡೆ ಸೀಟಲ್ಲಿ. ದಿನಾ ಅವರ ಕಣ್ಣಿಗೆ ಬೀಳೋದು ನನ್ನ ಕಂಬ. ಬಲಗಡೆ ಡ್ರೈವರ್ ನೋಡಿ ಏನು ಮಾಡ್ತಾನೆ? ಈ ಸಲ ಡಾಂಬರಿನ ಸಹವಾಸ ಇಲ್ಲ. ತುಕ್ಕು ಉಜ್ಜಿ ಉಜ್ಜಿ ಪೈಪು ಬೆಳ್ಳಗೆ ಮಾಡಿ, ಮತ್ತೆ ತುಕ್ಕು ಬರದಂಗೆ ರೆಡ್ ಆಕ್ಸೈಡ್ ಹೊಡೆದು, ಒಣಗಿಸಿ, ಅದರ ಮೇಲೆ ಒಳ್ಳೇ ಎನಾಮಲ್. ಅವನೂ ಅದನ್ನೇ ಮಾಡಿದ. ನನ್ನದು ನೋಡಿಯೇ ಮಾಡಿದ ಅಂತ ನಾನು ಬಸ್ ಸ್ಟ್ಯಾಂಡಲ್ಲೆಲ್ಲಾ ಹೇಳಿಕೊಂಡು ಬಂದೆ.

ಮಳೆಗಾಲ ಮುಗೀತು, ಜೀಪು ಬಂತು. ಬಲಗಡೆ ಕಂಬ ಮದುವಣಗಿತ್ತಿಯಂಗಿದೆ. ಎಡಗಡೆ ಕಂಬದಲ್ಲಿ, ಭುಜದ ಎತ್ತರಕ್ಕೆ, ಬಣ್ಣ ಬೊಬ್ಬೆ ಎದ್ದು ಉದುರಿ ಒಳಗಿನ ಕಬ್ಬಿಣ ಕಾಣ್ತಿದೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸ್ತು.

ಯಜಮಾನರು ಸೀಟಲ್ಲಿ ಕೂತೇ ಸಂಚಿ ಬಿಚ್ಚಿದರು. ಎಲೆಗೆ ಸುಣ್ಣ ಹಚ್ಚುತ್ತಾ, ನಿನ್ನ ಬಣ್ಣದಲ್ಲಿ ಸತ್ವ ಇಲ್ಲ ಕಣಯ್ಯಾ ಅಂದರು. ಅಂದು, ಬೆರಳಲ್ಲಿ ಮಿಕ್ಕಿದ ಸುಣ್ಣಾನ ನನ್ನ ಕಂಬಕ್ಕೆ ಒರೆಸಿದರು.

ಯಜಮಾನ್ರೇ, ಸುಣ್ಣ ಬಣ್ಣಾನ ತಿನ್ನುತ್ತೆ, ಮಳೆಗಾಲ ಪೂರ್ತಿ ಇಲ್ಲೇ ಒರೆಸಿದ್ದೀರಿ ಅಂದೆ. ಅವರು ಡ್ರೈವರ್ ಕಡೆ ತಿರುಗಿ, ಹೌದೇನೋ ಅಂದರು.

"ದಿನಾ ನೋಡ್ತೀನಿ ಸಾ" ಅಂದ ಡ್ರೈವರ್. "ನಿಮ್ಗೆ ಯೇಳಾಕಾಯ್ತದಾ?"

ಬಲಗಡೆ

ಯಜಮಾನರು ನ್ಯಾಯಸ್ಥರು. ಹೋಗಲಿ, ಇನ್ನೊಂದು ಮಳೆಗಾಲ ನೋಡೋಣ, ಕಂಬ ಅದಲು ಬದಲು ಮಾಡ್ಕೊಳ್ಳಿ ಅಂದರು. ನನ್ನ ಖುಷಿ ಕೇಳಬೇಡಿ. ಎಡಗಡೆ ಈಗ ಅವನದು. ಅವನು ಬಳೀತಿದ್ದರೆ ನಾನು ಎದುರಿಗೆ ಕೂತು, ಚೆನ್ನಾಗಿ ಬಳಿಯಪ್ಪಾ, ಸುಣ್ಣ ಕೂರೋ ಜಾಗಕ್ಕೆ ಇನ್ನೊಂದು ಕೈ ಹಾಕು ಅಂತ ಹುರಿದುಂಬಿಸಿದೆ. ಯಜಮಾನರ ಮನೆಗೆ ಒಳ್ಳೇ ಅಂಬಾಡಿ ವೀಳ್ಯದೆಲೆ ಒಂದು ಕಟ್ಟು ಕಳಿಸಿದೆ, ಜೊತೆಗೆ ಒಂದು ಡಬ್ಬಿ ಸುಣ್ಣ.

ಮಳೆಗಾಲ ಮುಗೀತು, ಜೀಪು ಬಂತು. ಎಡಗಡೆ ಕಂಬ ಮದುವಣಗಿತ್ತಿ. ಬಲಗಡೆ, ಭುಜದ ಎತ್ತರಕ್ಕೆ, ಬೊಬ್ಬೆ.

ಯಜಮಾನರು ಬಾಯಿ ತೆಗೆದು ತೋರಿಸಿದರು. ಒಂದು ಹಲ್ಲೂ ಇಲ್ಲ. ಮೈಸೂರಿಗೆ ಹೋಗಿ ಎಲ್ಲಾ ಕೀಳಿಸಿಕೊಂಡು ಬಂದಿದ್ದರು, ಮಳೆ ಶುರುವಾಗೋಕೆ ಮುಂಚೆಯೇ. ಎಲೆಯಡಿಕೆ ಬಿಟ್ಟಾಯ್ತಂತೆ. ಹಾಗಾದರೆ ನಾನು ಕಳಿಸಿದ ಎಲೆ? ಸಂಚಿ ಸಮೇತ ಎಲ್ಲಾನೂ ಡ್ರೈವರಿಗೆ ಕೊಟ್ಟುಬಿಟ್ಟರಂತೆ. ಡ್ರೈವರ್ ಕಡೆ ನೋಡಿದೆ. ಅವನ ಬಾಯಿ ತುಂಬ ನನ್ನ ಎಲೆಯೇ ಇತ್ತು.

ನಾನು ಬಾಯಿ ತೆರೆಯೋಕೆ ಮುಂಚೆ ಯಜಮಾನರು ಕೈ ಎತ್ತಿದರು. "ಓದ್ಸಲ ನನ್ ಮೇಲೆ ಆಕ್ದೆ. ಈ ಸಲ ಡ್ರೈವರ್ ಮೇಲೆ ಆಕ್ಬೇಡ ಕಣಯ್ಯಾ. ಎಡಕ್ಕಿದ್ರೂ ಅಷ್ಟೇ, ಬಲಕ್ಕಿದ್ರೂ ಅಷ್ಟೇ, ಕಿತ್ತೋಗೋದು ನಿನ್ ಬಣ್ಣವೇ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾಲ್ಕು ಬಸ್ಸೂ ಎದುರು ಶೆಡ್ಡಿಗೆ ಹೋದವು.

ಮೊದಲನೇ ಬಸ್ಸು ಮುಗಿದ ದಿನ ಅವನು ಪೂಜೆ ಮಾಡಿಸಿ ನನ್ನನ್ನೂ ಕರೆದ. ಹೋಗಬಾರದು ಅಂತಲೇ ಇದ್ದೆ. ನಮ್ಮವಳು, ಹೋಗದೇ ಇದ್ದರೆ ಹೊಟ್ಟೆಕಿಚ್ಚು ಅಂತಾರೆ ಅಂದಳು, ಹೋದೆ. ಆಕಾಶದ ಬಣ್ಣದ ಬಸ್ಸು, ಮುಖ ನೋಡಿಕೊಂಡು ಕ್ರಾಪು ತಿದ್ದಬಹುದು, ಹಂಗೆ ಹೊಳೀತಿತ್ತು. ಅವನು ಕೈ ಮುಗಿದು, ಹಿರಿಯರು ನೀವು, ಮೊದಲು ನಿಮಗೇ ಅಣ್ಣಾ ಅಂತ ತಟ್ಟೆ ಮುಂದಿಟ್ಟ. ಒಳ್ಳೇ ಚಿಗುರೆಲೆ, ಅಡಿಕೆ, ಸುಣ್ಣದ ಡಬ್ಬಿ.

ಎಲೆ ತಗೊಂಡು ತೊಟ್ಟು ಮುರಿದೆ. ಸುಣ್ಣ ಹಚ್ಚಿದೆ, ಸ್ವಲ್ಪ ಧಾರಾಳವಾಗಿಯೇ. ಮಡಿಸಿ ಬಾಯಿಗೆ ಹಾಕ್ಕೊಂಡೆ. ಬೆರಳಲ್ಲಿ ಸುಣ್ಣ ಮಿಕ್ಕಿತ್ತು. ಒರೆಸೋಕೆ ಅತ್ತ ಇತ್ತ ನೋಡಿದೆ. ಸುತ್ತ ಒಂದು ಕಂಬ ಇಲ್ಲ, ಗೋಡೆ ಇಲ್ಲ. ಬಸ್ಸು ಒಂದಿತ್ತು.